ಡೊರೊಥಿ ಟೀಚರ್ ಕಳೆದುಕೊಂಡ ತರಗತಿ

ಡೊರೊಥಿ ಟೀಚರ್ ಕಾರಿನಿಂದ ಇಳಿಯಲು ಒಪ್ಪಲೇ ಇಲ್ಲ.

ಹೊರಗೆ ಪ್ರೊಫೆಸರ್ ರೆನೀ ಕ್ಯಾಮೆರಾ ಹಿಡಿದು ಕಾಯುತ್ತಿದ್ದರು. ಟೀಚರ್ ತಮ್ಮ ಇಪ್ಪತ್ತರ ಹರೆಯದಲ್ಲಿ ಪಾಠ ಮಾಡಿದ್ದ ಶಾಲೆ ಇದ್ದ ಜಾಗ ಅದು. ಈಗ ಅಲ್ಲಿ ಸಾಮಾನು ಇಡಲು ಬಾಡಿಗೆಗೆ ಕೊಡುವ ಸಾಲು ಸಾಲು ಸ್ಟೋರೇಜ್ ಶೆಡ್‌ಗಳು.

ರೆನೀ ಇಲ್ಲೇ ಅಮೆರಿಕದ ನಾರ್ತ್ ಕ್ಯಾರೊಲಿನಾದ ಒಂದು ಕಾಲೇಜಿನಲ್ಲಿ ಕಲಿಸುತ್ತಾರೆ. ಸ್ವತಃ ಕಪ್ಪು ಮಹಿಳೆ. ಹಿರಿಯ ಕಪ್ಪು ಶಿಕ್ಷಕಿಯರ ಅನುಭವಗಳನ್ನು ರೆಕಾರ್ಡ್ ಮಾಡಿಕೊಂಡು, ಊರಿನ ಶಾಲೆಗಳನ್ನು ನಡೆಸುವ ಸ್ಕೂಲ್ ಬೋರ್ಡ್ ಮುಂದೆ ನಿಂತು ವಾದಿಸುವವರು. ಮಕ್ಕಳಿಗೆ ಈ ಚರಿತ್ರೆ ಕಲಿಸಿ, ಕಪ್ಪು ಶಿಕ್ಷಕಿಯರನ್ನು ತರಗತಿಗೆ ತನ್ನಿ ಎಂದು.

ನಾನು ಅವರ ವಾಲಂಟಿಯರ್. ಧಾರವಾಡದಲ್ಲಿ ಏಳನೇ ತರಗತಿಗೆ ಗಣಿತ ಕಲಿಸುತ್ತಿದ್ದವಳು. ಗಂಡನಿಗೆ ಇಲ್ಲಿನ ಟೆಕ್ ಕಂಪನಿಗಳ ತಾಣ ರಿಸರ್ಚ್ ಟ್ರಯಾಂಗಲ್ ಪಾರ್ಕ್‌ನಲ್ಲಿ ಕೆಲಸ. ನನ್ನದು ಡಿಪೆಂಡೆಂಟ್ ವೀಸಾ, ವರ್ಕ್ ಪರ್ಮಿಟ್ ಇನ್ನೂ ಬಂದಿಲ್ಲ, ಇಲ್ಲಿ ಕಲಿಸುವಂತಿಲ್ಲ...

ಟೀಚರ್‌ಗೆ ಆದದ್ದು ಇಷ್ಟು. ಅರ್ಧ ಶತಮಾನಕ್ಕೂ ಹಿಂದೆ, ಬಣ್ಣಕ್ಕೊಂದು ಶಾಲೆ ಕೂಡದೆಂದು ಕೋರ್ಟ್ ಹೇಳಿದ ಮೇಲೆ, ಕಪ್ಪು ಮಕ್ಕಳ ಶಾಲೆಯನ್ನು ಮುಚ್ಚಿ, ಎಲ್ಲರನ್ನೂ ಬಿಳಿಯರ ಶಾಲೆಗೆ ಸೇರಿಸಿದರು. ಮಕ್ಕಳೇನೋ ಒಂದೇ ಸೂರಿನಡಿ ಬಂದರು, ಒಳ್ಳೆಯದೇ.

ಆದರೆ ಕಪ್ಪು ಟೀಚರ್ ಬಿಳಿ ಮಕ್ಕಳಿಗೆ ಪಾಠ ಹೇಳುವುದು ಆ ಊರಿಗೆ ಬೇಡವಾಗಿತ್ತು. ಕೆಲವರನ್ನು ಮನೆಗೆ ಕಳಿಸಿದರು. ಡೊರೊಥಿಯವರನ್ನು ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಪುಸ್ತಕ ಜೋಡಿಸಲು ಕೂರಿಸಿದರು. ರಿಟೈರ್ ಆಗುವವರೆಗೂ ಅಲ್ಲೇ.

"ನೋಡೋಕೆ ಅಲ್ಲೇನಿದೆ?" ಅಂದರು ಟೀಚರ್.

ಮರುದಿನವೇ ಬೋರ್ಡ್ ಮೀಟಿಂಗ್ ಇತ್ತು, ವಿಡಿಯೋ ಬೇಕೇ ಬೇಕಿತ್ತು. ಆದರೂ ರೆನೀ ಬಲವಂತ ಮಾಡಲಿಲ್ಲ. "ನಿಮಗೆ ಬೇಡ ಅಂದ್ರೆ ಬೇಡ, ಮ್ಯಾಮ್" ಅಂದು ದೂರ ಹೋಗಿ ನಿಂತರು.

ಕಾರಿನಲ್ಲಿ ಉಳಿದವರು ನಾವಿಬ್ಬರೇ.

ನೀನು ಏನು ಕಲಿಸುತ್ತಿದ್ದೆ ಎಂದು ಟೀಚರ್ ಕೇಳಿದರು. ಭಿನ್ನರಾಶಿ ಅಂದೆ. ಜೋಳದ ರೊಟ್ಟಿ ಮುರಿದು ಅರ್ಧ, ಕಾಲು ತೋರಿಸುತ್ತಿದ್ದೆ ಅಂದೆ.

ಟೀಚರ್ ಜೋರಾಗಿ ನಕ್ಕುಬಿಟ್ಟರು. ಅವರೂ ಮನೆಯಿಂದ ಕಾರ್ನ್‌ಬ್ರೆಡ್, ಅಂದರೆ ಮೆಕ್ಕೆಜೋಳದ ಬ್ರೆಡ್ಡು, ಮಾಡಿಕೊಂಡು ಹೋಗುತ್ತಿದ್ದರಂತೆ. ಪಾಠ ಮುಗಿಯುವಷ್ಟರಲ್ಲಿ ಲೆಕ್ಕ ಎಲ್ಲರ ಹೊಟ್ಟೆಯೊಳಗೆ!

ಆಮೇಲೆ ಮೆಲ್ಲಗೆ, "ಮಕ್ಕಳು ಕನಸಿನಲ್ಲಿ ಬರ್ತಾರಾ?"

ಬರುತ್ತಾರೆ ಅಂದೆ. ಗಂಟೆ ಹೊಡೆದಿರುತ್ತದೆ, ನನ್ನ ಕ್ಲಾಸ್ ಎಲ್ಲಿದೆ ಅನ್ನುವುದೇ ಗೊತ್ತಾಗುವುದಿಲ್ಲ...

"ನನಗೆ ಕ್ಲಾಸ್ ಕಾಣ್ತದೆ. ಎಲ್ಲರೂ ಕೂತಿರ್ತಾರೆ. ನಾನು ಮಾತ್ರ ಹೊರಗೆ."

ನಾನು ಅವರ ಕೈ ಹಿಡಿದುಕೊಂಡೆ. ಆಮೇಲೆ ಅವರೇ ಇಳಿದು, ಕೋಲೂರಿಕೊಂಡು ಹೋಗಿ ಶೆಡ್‌ಗಳ ಮುಂದೆ ನಿಂತರು. ಕ್ಯಾಮೆರಾ ಆನ್ ಮಾಡು ಅಂದರು ರೆನೀಗೆ.

"ನಾನು ಟೀಚರ್. ನನಗೆ ಸಂಬಳ ಕೊಟ್ಟರು. ಮಕ್ಕಳನ್ನು ಕೊಡಲಿಲ್ಲ."

ಅಷ್ಟೇ ಹೇಳಿದ್ದು. ಕ್ಯಾಮೆರಾ ಇಳಿಸಿ ರೆನೀ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡರು.

ಮರುದಿನ ರೆನೀ ಆ ವಿಡಿಯೋವನ್ನು ಬೋರ್ಡ್ ಮುಂದೆ ತೋರಿಸಿದರು. ಬೋರ್ಡ್‌ನವರು ಥ್ಯಾಂಕ್ಸ್ ಹೇಳಿ, ಸ್ಕೂಲ್ ಬಸ್‌ಗಳ ವಿಷಯಕ್ಕೆ ಹೋದರು. ಉತ್ತರ ಇನ್ನೂ ಬಂದಿಲ್ಲ. ಪ್ರತಿ ಮೀಟಿಂಗ್‌ಗೂ ರೆನೀ ಹೋಗುತ್ತಾರೆ, ಮತ್ತೆ ಕೇಳುತ್ತಾರೆ.

ವಿಡಿಯೋ ತೋರಿಸಿದ ದಿನ ಮನೆಗೆ ಬಂದಾಗ ಗಂಡ ಕೇಳಿದ. "ಯಾಕ ಅಳಾಕತ್ತೀ?"

"ಅವರ ಸಲುವಾಗೋ, ನನ್ನ ಸಲುವಾಗೋ... ತಿಳೀವಲ್ದು" ಅಂದೆ.

ಎರಡೂ ಒಂದೇ ಅಲ್ಲ, ಗೊತ್ತು. ನನ್ನದು ಒಂದು ಕಾಗದಕ್ಕಾಗಿ ಕಾಯುವುದು, ಎಂದಾದರೂ ಮುಗಿದೀತು. ಅವರದು ಬಣ್ಣದ ಕಾರಣಕ್ಕೆ ಕೈತಪ್ಪಿದ ಇಡೀ ಬದುಕು.

ಈಗಲೂ ವಾಕಿಂಗ್ ಹೋಗುವಾಗ ನಮ್ಮ ಮನೆ ಹತ್ತಿರದ ಎಲಿಮೆಂಟರಿ ಸ್ಕೂಲ್‌ನಿಂದ ಮಕ್ಕಳ ಗಲಾಟೆ ಕೇಳಿದರೆ ಕಾಲು ತಾನಾಗಿ ನಿಲ್ಲುತ್ತದೆ.

ಕಲಿಸುವುದನ್ನು ಬಿಡಬೇಕಾಗಿ ಬಂದವರು ನಿಮ್ಮಲ್ಲಿ ಯಾರಾದರೂ ಇದ್ದೀರಾ... ಯಾವ ಮಗುವಿನ ಮುಖ ಇನ್ನೂ ನಿಮ್ಮನ್ನು ಬಿಟ್ಟಿಲ್ಲ?