ನೋಟಿನೊಳಗಿನ ಹೆಂಗಸು

ಹೇಮಲತಾಳಿಗೆ ಚಿಕ್ಕಂದಿನಿಂದಲೂ ಒಂದು ಚಟ. ಯಾವುದನ್ನೂ ಇದ್ದ ಹಾಗೆ ಬಿಡುವವಳಲ್ಲ, ಕೆದಕಿ ನೋಡಲೇಬೇಕು. ಧಾರವಾಡದಲ್ಲಿ ಅಪ್ಪನ ರೇಡಿಯೊ ಬಿಚ್ಚಿಟ್ಟು ಒದೆ ತಿಂದದ್ದೂ ಉಂಟು. ಮದುವೆಯಾಗಿ ಗಂಡ ವಿರುಪಾಕ್ಷನ ಜೊತೆ ಸಿಡ್ನಿಯ ಲಿವರ್‌ಪೂಲ್‌ಗೆ ಬಂದಿಳಿದ ಹೊಸತರಲ್ಲಿ, ಅಂದರೆ ಎರಡು ಸಾವಿರದ ಎರಡರಲ್ಲಿ, ಅವಳ ಜೀನ್ಸ್ ಜೇಬಿನಲ್ಲಿ ಉಳಿದ ಐವತ್ತು ಡಾಲರಿನ ನೋಟೊಂದು ವಾಷಿಂಗ್ ಮಷೀನಿನಲ್ಲಿ ಗಿರಗಿರ ತಿರುಗಿ ಹೊರಬಂತು. ಬಣ್ಣ ಬಿಟ್ಟಿರಲಿಲ್ಲ, ಹರಿದಿರಲೂ ಇಲ್ಲ. ಬೇರೆಯವರಾದರೆ ಸದ್ಯ ಉಳಿಯಿತಲ್ಲ ಎಂದು ಪರ್ಸಿಗೆ ಸೇರಿಸುತ್ತಿದ್ದರು. ಇವಳು ಅದನ್ನು ಮತ್ತೆ ಬೋಗುಣಿಯ ನೀರಿನಲ್ಲಿ ಮುಳುಗಿಸಿ, ಹಿಂಡಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

"ರೀ, ಇವರು ರೊಕ್ಕಾನೂ ಪ್ಲಾಸ್ಟಿಕ್‌ನ್ಯಾಗ ಮಾಡ್ಯಾರಲ್ರೀ!"

"ಅದನ್ನ ಒಣಗಿಸಿಡು ಮಾರಾಯ್ತಿ, ನಾಳೆ ರೆಂಟ್ ಕಟ್ಟೋದೈತಿ," ಎಂದ ವಿರುಪಾಕ್ಷ.

ಸಿಡ್ನಿಯ ರೆಂಟ್ ಕಟ್ಟಿ ಕಟ್ಟಿ ಸಾಕಾಗಿ ಇಬ್ಬರೂ ಮೆಲ್ಬರ್ನಿಗೆ ಬಂದರು. ಕ್ರೇಗಿಬರ್ನ್‌ನಲ್ಲಿ ಮನೆ ತೆಗೆದುಕೊಂಡು ಮಾರ್ಟ್‌ಗೇಜ್ ಎಂಬ ಮನೆಸಾಲದ ನೊಗಕ್ಕೆ ಹೆಗಲು ಕೊಟ್ಟರು. ಹೇಮಲತಾಳಿಗೆ ಉತ್ತರಕ್ಕೆ ಅರ್ಧ ಗಂಟೆಯ ದಾರಿಯಲ್ಲಿದ್ದ ಗ್ರೇಲಿಂಗ್ ಫ್ಲ್ಯಾಟ್ ಎಂಬ ಸಣ್ಣ ಊರಿನ ಬ್ಯಾಂಕಿನಲ್ಲಿ ಕೌಂಟರ್ ಕೆಲಸ ಸಿಕ್ಕಿತು. ಆ ಬ್ಯಾಂಕಿನದೂ ಒಂದು ಕಥೆ. ದೊಡ್ಡ ಬ್ಯಾಂಕೊಂದು ಲಾಭವಿಲ್ಲವೆಂದು ಅಲ್ಲಿನ ಶಾಖೆ ಮುಚ್ಚಿಕೊಂಡು ಹೋಗಿತ್ತು. ಊರವರು ಹಟಕ್ಕೆ ಬಿದ್ದು, ತಾವೇ ಷೇರು ಹಾಕಿ, ಊರ ನಡುವಿನ ಹಳೆಯ ಕಲ್ಲುಕಟ್ಟಡದಲ್ಲಿ ಹೊಸ ಬ್ಯಾಂಕು ತೆರೆದಿದ್ದರು.

ಅದೇ ಕಟ್ಟಡದಲ್ಲಿ ನೂರು ವರ್ಷಗಳಿಗೂ ಹಿಂದೆ ಇನ್ನೊಂದು ಬ್ಯಾಂಕು ಇತ್ತೆಂದೂ, ಅದು ತನ್ನದೇ ನೋಟು ಅಚ್ಚು ಹಾಕಿಸುತ್ತಿತ್ತೆಂದೂ ತಿಳಿದಾಗ ಹೇಮಲತಾಳ ಕಿವಿ ನೆಟ್ಟಗಾಯಿತು. ಆಗ ದೇಶಕ್ಕೆಲ್ಲ ಒಂದೇ ನೋಟು ಎಂಬುದು ಇರಲಿಲ್ಲವಂತೆ. ಈ ಕಾಗದ ತಂದವರಿಗೆ ಒಂದು ಪೌಂಡ್ ಬೆಲೆಯ ಚಿನ್ನದ ನಾಣ್ಯ ಕೊಡುತ್ತೇವೆ ಎಂದು ಬರೆದು ಮ್ಯಾನೇಜರ್ ರುಜು ಹಾಕಿದರೆ ಅದೇ ಹಣ. ಜನ ಅದರಲ್ಲೇ ಕುರಿ ಕೊಂಡರು, ಮನೆ ಕಟ್ಟಿದರು. ಸಾವಿರದ ಎಂಟುನೂರ ತೊಂಬತ್ತಮೂರರಲ್ಲಿ ಅಲ್ಲೆಲ್ಲ ಬ್ಯಾಂಕುಗಳು ಒಂದರ ಹಿಂದೊಂದು ಮುಳುಗಿದವು. ಈ ಬ್ಯಾಂಕೂ ಒಂದು ಬೆಳಿಗ್ಗೆ ಬಾಗಿಲು ತೆರೆಯಲಿಲ್ಲ. ಜನರ ಕೈಯಲ್ಲಿದ್ದ ನೋಟು ಬರೀ ಕಾಗದವಾಯಿತು.

ಎರಡು ಸಾವಿರದ ಏಳರಲ್ಲಿ ಊರಿಗೆ ನೂರೈವತ್ತು ತುಂಬಿತು. ಬ್ಯಾಂಕಿನಲ್ಲೊಂದು ಪ್ರದರ್ಶನ ಇಡುವುದೆಂದಾಯಿತು, ಉಸಾಬರಿ ಹೇಮಲತಾಳ ಕೊರಳಿಗೆ ಬಿತ್ತು. ಬಿತ್ತು ಅನ್ನುವುದಕ್ಕಿಂತ ಅವಳೇ ಕೊರಳು ಒಡ್ಡಿದಳು. ಊರವರು ಹಳೆಯ ಬ್ಯಾಂಕಿನ ನೋಟು ಎರಡು ತಂದುಕೊಟ್ಟರು. ಎರಡರಲ್ಲೂ ನಡುವೆ ಕುಳಿತ ಹೆಂಗಸಿನ ಚಿತ್ರ. ಅವಳು ತೊಡೆಯ ಮೇಲಿನ ಕೊಂಬಿನಂಥ ಬುಟ್ಟಿಯಿಂದ ನಾಣ್ಯ ಸುರಿಸುತ್ತಿದ್ದಾಳೆ. ಆದರೆ ಎರಡರಲ್ಲೂ ಅವಳ ಮುಖ ಮಾತ್ರ ಇಲ್ಲ, ಕೆರೆದು ತೆಗೆದ ಹಾಗಿದೆ.

ಯಾಕೆ ಹೀಗೆ ಎಂದು ಹೇಮಲತಾ ಕೇಳದ ಜನರಿಲ್ಲ. ಇಲಿ ತಿಂದಿರಬೇಕು ಎಂದರು ಕೆಲವರು. ಎಲ್ಲ ಬಿಟ್ಟು ಮುಖವನ್ನೇ ಆರಿಸಿ ತಿನ್ನುವ ಇಲಿ ಯಾವುದಪ್ಪಾ ಎಂದು ಅವಳು ತಲೆ ಕೆಡಿಸಿಕೊಂಡಳು.

ಆಮೇಲೆ ಡೊರೀನ್ ಬಂದಳು. ಊರ ಶಾಲೆಯಲ್ಲಿ ಜೀವಮಾನವಿಡೀ ಪಾಠ ಹೇಳಿದ, ಮದುವೆಯ ಗೋಜಿಗೇ ಹೋಗದ ಎಂಬತ್ತರ ಹತ್ತಿರದ ಹೆಂಗಸು. ಕೈಚೀಲದಿಂದ ಅದೇ ಬ್ಯಾಂಕಿನ ಮೂರನೆಯ ನೋಟು ತೆಗೆದಳು. ಅದರಲ್ಲಿ ಮುಖವಿತ್ತು! ಅಗಲ ಹಣೆಯ, ತುಸು ನಾಚಿದಂಥ ಎಳೆಯ ಮುಖ.

"ನಿಮಗೆ ಎಲ್ಲಿ ಸಿಕ್ಕಿತು ಇದು?"

"ಮನೆಯಲ್ಲಿತ್ತು," ಎಂದಳು ಡೊರೀನ್, ಅಷ್ಟೇ. "ಮುಖ ಉಳಿದಿರುವುದು ಇದೊಂದರಲ್ಲೇ. ಈ ಕಟ್ಟಡದಿಂದ ಹೊರಗೆ ಹೋಗಕೂಡದು. ನಿನ್ನ ಮೇಲೆ ಭರವಸೆ ಇಟ್ಟು ಕೊಡುತ್ತಿದ್ದೇನೆ."

ಹೇಮಲತಾ ಒಪ್ಪಿಕೊಂಡಳು. ಶುಕ್ರವಾರ ಸಂಜೆಯ ಹೊತ್ತಿಗೆ ಮಾತು ಮುರಿದಳು. ಬ್ಯಾಂಕಿನ ಸ್ಕ್ಯಾನರ್‌ನಲ್ಲಿ ಆ ಮುಖ ಮಸಿ ಮೆತ್ತಿದ ಹಾಗೆ ಬರುತ್ತಿತ್ತು, ಮನೆಯಲ್ಲಿ ವಿರುಪಾಕ್ಷನದು ಒಳ್ಳೆಯ ಸ್ಕ್ಯಾನರ್ ಇತ್ತು. ಸೋಮವಾರ ಬೆಳಿಗ್ಗೆ ತಂದಿಟ್ಟರೆ ಯಾರಿಗೆ ಗೊತ್ತಾಗಬೇಕು? ನೋಟು ಫೈಲಿನೊಳಗೆ ಸೇರಿತು, ಫೈಲು ಕಾರಿನೊಳಗೆ.

ಅಂದು ದೀಪಾವಳಿ ಅಮಾವಾಸ್ಯೆ. ಮನೆಯಲ್ಲಿ ಅತ್ತೆ ಚನ್ನಬಸವ್ವ ಲಕ್ಷ್ಮೀಪೂಜೆಗೆ ಅಣಿ ಮಾಡುತ್ತಿದ್ದಳು. ಧಾರವಾಡದಿಂದ ಬಂದು ಎರಡು ತಿಂಗಳಾಗಿದ್ದ ಆಕೆಗೆ ಆಸ್ಟ್ರೇಲಿಯಾದಲ್ಲಿ ಎಲ್ಲವೂ ಹಿಡಿಸಿತ್ತು, ಇಲ್ಲಿನ ನೋಟೊಂದನ್ನು ಬಿಟ್ಟು. ಪೂಜೆಗಿಟ್ಟ ರೊಕ್ಕಕ್ಕೆ ಕುಂಕುಮ ಹಚ್ಚಬೇಕಲ್ಲ? ಪ್ಲಾಸ್ಟಿಕ್ ನೋಟಿಗೆ ಹಚ್ಚಿದ ಕುಂಕುಮ ಬೆರಳು ತಾಗಿದರೆ ಅಳಿಸಿಹೋಗುತ್ತಿತ್ತು.

"ಕುಂಕುಮ ನಿಲ್ಲದ ರೊಕ್ಕ ಅದೆಂಥಾ ರೊಕ್ಕವಾ?" ಎಂದು ಬೆಳಗಿನಿಂದ ಗೊಣಗಿದ್ದಳು.

ಹೇಮಲತಾ ಫೈಲನ್ನು ಊಟದ ಮೇಜಿನ ಮೇಲಿಟ್ಟು ಸ್ನಾನಕ್ಕೆ ಹೋದಳು. ಸೀರೆ ಉಟ್ಟು ಬರುವಷ್ಟರಲ್ಲಿ ದೀಪ ಹತ್ತಿತ್ತು. ಕಳಸದ ಮುಂದೆ, ವೀಳ್ಯದೆಲೆಯ ಮೇಲೆ ಡೊರೀನಳ ನೋಟು. ನೋಟಿನೊಳಗಿನ ಹೆಂಗಸಿನ ಹಣೆಯಲ್ಲಿ ದುಂಡಗೆ, ಹಸಿಹಸಿಯಾಗಿ ಕುಂಕುಮ.

"ನೋಡವಾ ಹೇಮಾ," ಎಂದಳು ಚನ್ನಬಸವ್ವ, ಮುಖ ಅರಳಿಸಿಕೊಂಡು. "ಈ ದೇಶದಾಗೂ ಖರೇ ನೋಟು ಅದಾವ. ಲಕ್ಷ್ಮೀನೇ ಕುಂತಾಳ ನೋಡು, ರೊಕ್ಕ ಸುರಕೋತ. ಹೆಂಗ ಹಿಡದೈತಿ ಕುಂಕುಮ!"

ಹೇಮಲತಾ ನೋಟನ್ನು ಥಟ್ಟನೆ ಎತ್ತಿಕೊಂಡಳು. ಎದುರಿಗಿದ್ದ ಮುದುಕಿಯನ್ನು ಬೈಯುವಂತಿಲ್ಲ, ಬೈದರೆ ತನ್ನನ್ನೇ ಬೈದುಕೊಳ್ಳಬೇಕು. ಹತ್ತಿಯಿಂದ ಒತ್ತಿ ತೆಗೆಯಲು ನೋಡಿದಳು. ಬಣ್ಣ ಕಾಗದದೊಳಕ್ಕೆ ಇಳಿದುಬಿಟ್ಟಿತ್ತು.

"ಮೊದಲಿಂದಾನೂ ಹಿಂಗ ಇತ್ತು ಅಂದುಬಿಡು," ಎಂದ ವಿರುಪಾಕ್ಷ. "ಕೆಲಸ ಹೋದ್ರ ಮಾರ್ಟ್‌ಗೇಜ್ ಯಾರ ಕಟ್ಟಬೇಕು?"

ಕೆಲಸ ಹೋಗುವ ಭಯ ಇತ್ತು, ಇಲ್ಲವೆಂದಲ್ಲ. ಆದರೆ ಅದಕ್ಕಿಂತ ಹೆಚ್ಚು ಸಂಕಟವಾದದ್ದು ಭರವಸೆ ಎಂಬ ಮಾತು ನೆನಪಾಗಿ. ಮರುದಿನ ಬೆಳಿಗ್ಗೆ ಅವಳೇ ಡೊರೀನಳಿಗೆ ಫೋನು ಮಾಡಿ ಆದದ್ದನ್ನೆಲ್ಲ ಹೇಳಿದಳು. ಆ ಕಡೆಯಿಂದ ಬಂದದ್ದು ಒಂದೇ ಮಾತು: "ನಿನ್ನ ಮನೆಯ ವಿಳಾಸ ಕೊಡು."

ಡೊರೀನ್ ತಾನೇ ಕಾರು ಓಡಿಸಿಕೊಂಡು ಬಂದಳು. ಚನ್ನಬಸವ್ವ ಶಂಕರಪೋಳಿಯ ತಟ್ಟೆ ಮುಂದಿಟ್ಟಳು, ಡೊರೀನ್ ಅದರ ಕಡೆ ನೋಡಲಿಲ್ಲ. ನೋಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಕನ್ನಡಕ ಏರಿಸಿದಳು.

"ಯಾಕೆ ಹಣೆಗೆ?" ಎಂದು ಕೇಳಿದಳು.

"ಅತ್ತೆ ಇವಳನ್ನು ನಮ್ಮ ದೇವತೆ ಅಂದುಕೊಂಡರು," ಎಂದಳು ಹೇಮಲತಾ. "ಪೂಜೆ ಮಾಡಿದ್ದಾರೆ, ಅವಮಾನ ಮಾಡಿದ್ದಲ್ಲ. ತಪ್ಪು ನನ್ನದು. ನಾನು ಇದನ್ನು ತರಬಾರದಿತ್ತು."

"ತರಬಾರದಿತ್ತು, ಹೌದು," ಎಂದಳು ಡೊರೀನ್. ನೋಟನ್ನು ಮಾತ್ರ ಕೆಳಗಿಡಲಿಲ್ಲ. "ಇವಳು ದೇವತೆಯಲ್ಲ. ನನ್ನ ಅಜ್ಜಿ."

ಡೊರೀನ್ ಹೇಳಿದಳು: ಅಜ್ಜ ಆ ಬ್ಯಾಂಕಿನ ಮ್ಯಾನೇಜರ್. ಹೊಸದಾಗಿ ಮದುವೆಯಾದ ಹೆಮ್ಮೆಯಲ್ಲಿ ಹೆಂಡತಿಯ ಫೋಟೊ ಕೊಟ್ಟು ನೋಟಿನ ಮೇಲೆ ಅವಳ ಮುಖ ಬರೆಸಿದ. ಬ್ಯಾಂಕು ಮುಳುಗುವ ಸೂಚನೆ ಸಿಕ್ಕಿದ್ದೇ ಸಿಡ್ನಿಗೆ ಓಡಿಹೋದ, ಮತ್ತೆ ಬರಲಿಲ್ಲ. ಹೆಂಡತಿ, ಮಗು ಇಲ್ಲೇ ಉಳಿದರು. ದುಡ್ಡು ಕಳೆದುಕೊಂಡ ಜನಕ್ಕೆ ಕೈಗೆ ಸಿಕ್ಕದ್ದು ಅವಳ ಮುಖವೊಂದೇ. ನೋಟಿನಲ್ಲಿ ಅದನ್ನು ಚಾಕುವಿನಿಂದ ಕೆರೆದರು, ಮೇಲೆ ಉಗುಳಿದರು, ತಂದು ಅವಳ ಬಾಗಿಲಿಗೆ ಅಂಟಿಸಿದರು. ಡೊರೀನ್ ಚಿಕ್ಕವಳಿದ್ದಾಗಲೂ ಅಜ್ಜಿ ಪೇಟೆಗೆ ಹೋಗುವಾಗ ಟೋಪಿಯಿಂದ ಮುಖದ ಮೇಲೆ ಬಲೆ ಇಳಿಬಿಟ್ಟುಕೊಳ್ಳುತ್ತಿದ್ದಳಂತೆ.

"ಏನಂತಾಳ ಆಕಿ?" ಎಂದಳು ಚನ್ನಬಸವ್ವ, ತಡೆಯಲಾರದೆ. ಹೇಮಲತಾ ಎಲ್ಲವನ್ನೂ ಕನ್ನಡದಲ್ಲಿ ಹೇಳಿದಳು.

"ಗಂಡ ಮಾಡಿದ್ದಕ್ಕ ಹೆಂಡ್ತಿ ಮಾರಿ ಕೆರದ್ರ?" ಮುದುಕಿಗೆ ಸಿಟ್ಟು ಬಂದಿತ್ತು. "ಅವರ ಕೈ ಸೇದಿಹೋಗ್ಲಿ!"

ಆ ಶಾಪವನ್ನು ಹೇಮಲತಾ ಇಂಗ್ಲಿಷಿಗೆ ತರಲಿಲ್ಲ. ಡೊರೀನ್ ಮುದುಕಿಯ ಕಡೆ ತಿರುಗಿದಳು.

"ದೇವತೆಯಲ್ಲ ಅಂತ ಈಗ ಗೊತ್ತಾಯಿತಲ್ಲ, ಮಾಡಿದ್ದಕ್ಕೆ ಬೇಸರವಾಯಿತಾ ಅಂತ ಕೇಳು."

ಹೇಮಲತಾ ಕೇಳಿದಳು. ಚನ್ನಬಸವ್ವನಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು.

"ಬ್ಯಾಸರ ಯಾಕ? ಮನಶ್ಯಾಳು ಅಂತ ಗೊತ್ತಿದ್ರೂ ಹಚ್ಚತಿದ್ದೆ. ಹಬ್ಬದ ದಿನ ಮನಿಗೆ ಬಂದ ಹೆಣ್ಮಗಳನ್ನ ಕುಂಕುಮ ಹಚ್ಚದ ಕಳಸ್ತಾರೇನು?"

ಇದನ್ನು ಹೇಮಲತಾ ಒಂದು ಅಕ್ಷರವನ್ನೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದಳು. ಡೊರೀನ್ ನೋಟನ್ನು ಮಡಿಲಲ್ಲಿಟ್ಟುಕೊಂಡು ಅದನ್ನೇ ನೋಡುತ್ತ ಕುಳಿತಳು.

"ಅವಳ ಹೆಸರು ಆಗ್ನೆಸ್," ಎಂದಳು ಕೊನೆಗೆ. "ಆ ಊರಿನಲ್ಲಿ ಯಾರೂ ಆ ಹೆಸರು ಎತ್ತುವುದಿಲ್ಲ. ನಾನೂ ಎತ್ತಿರಲಿಲ್ಲ."

ಚನ್ನಬಸವ್ವ ಆ ಹೆಸರನ್ನು ಒಂದೆರಡು ಸಲ ಬಾಯಲ್ಲೇ ಹೊರಳಿಸಿ ನೋಡಿದಳು. ಹಿರಿಯ ಹೆಣ್ಣುಮಗಳನ್ನು ಬರೀ ಹೆಸರಿನಿಂದ ಕರೆದು ಆಕೆಗೆ ರೂಢಿಯಿಲ್ಲ. ಡೊರೀನಳ ಪಕ್ಕಕ್ಕೆ ಬಂದು, ಬಾಗಿ, ನೋಟಿನೊಳಗಿನ ಮುಖವನ್ನು ದಿಟ್ಟಿಸಿದಳು.

"ಚಂದ ಇದ್ಲು," ಎಂದಳು, "ನಿಮ್ಮ ಆಗ್ನೆಸವ್ವ."

"ಏನೆಂದರು? ಹೆಸರಿಗೆ ಏನೋ ಸೇರಿಸಿದರಲ್ಲ?" ಎಂದು ಡೊರೀನ್ ಕೇಳಿದಳು.

ಅವ್ವ ಅಂದರೆ ತಾಯಿ, ನಮ್ಮ ಕಡೆ ದೊಡ್ಡವರ ಹೆಸರಿಗೆ ಹಾಗೆ ಸೇರಿಸುತ್ತಾರೆ ಎಂದು ಹೇಮಲತಾ ಹೇಳಿ ಮುಗಿಸುವಷ್ಟರಲ್ಲಿ ಡೊರೀನ್ ಅಳುತ್ತಿದ್ದಳು.