ಎಮಿಲನ ಹೊಲಕ್ಕೆ ಬಿದ್ದ ಬಟಾಣಿ

ಎಮಿಲ್ ಫ್ರೀಹಾಫನ ಕಾಲುವೆ ಪಕ್ಕದ ಹೊಲವೆಂದರೆ ವಾಷಿಂಗ್ಟನ್ ಸೀಮೆಯ ಆ ಊರಿನವರಿಗೆಲ್ಲ ನಗೆಯ ಸರಕು. ಸುತ್ತಲ ಗೋಧಿ ಹಸಿರಾಗಿ ತೂಗುವಾಗ ಅವನದು ಅಲ್ಲಲ್ಲಿ ಬಿಳಿಚಿಕೊಂಡು ಜೊಳ್ಳು ತೆನೆ ಎತ್ತಿ ನಿಲ್ಲುತ್ತಿತ್ತು. ಹಿಡಿದೆಳೆದರೆ ಗಿಡ ಸಲೀಸಾಗಿ ಕೈಗೆ ಬರುತ್ತಿತ್ತು. ಬೇರು ಪೂರ್ತಿ ಬೂಷ್ಟು ಹಿಡಿದು ಕರ್ರಗೆ. ಆದರೂ ಎಮಿಲ್ ವರ್ಷ ವರ್ಷವೂ ಅಲ್ಲಿಗೇ ಗೋಧಿ ಬಿತ್ತುತ್ತಿದ್ದ.

“ಏನೋ ಎಮಿಲ್, ನಿನ್ ಹೊಲಕ್ಕೂ ನಿನ್ ಹಾಗೇ ತಲೆ ನೆರೆದಿದೆಯಲ್ಲೋ!” ಅನ್ನುತ್ತಿದ್ದ ಪಕ್ಕದ ಹೊಲದ ರೂಬೆನ್. “ಒಂದ್ಸಲ ಬಟಾಣಿ ಹಾಕೋ ಮಾರಾಯ. ಬೂಷ್ಟು ಹಸ್ಕೊಂಡು ಸಾಯ್ತದೆ.”

“ಬೂಷ್ಟನ್ನ ತಿನ್ನೋರು ಕೆಳಗೆ ಹುಟ್ತಾ ಇದಾರೆ ಕಣೋ. ಸ್ವಲ್ಪ ತಾಳು.”

“ಯಾರು, ನಿಮ್ಮತ್ತೆ ಮನೆಯೋರಾ?”

ಎಮಿಲನೂ ನಗುತ್ತಿದ್ದ. ವಿಶ್ವವಿದ್ಯಾಲಯದಿಂದ ಮಣ್ಣು ನೋಡಲು ಬರುತ್ತಿದ್ದ ಹೆಣ್ಣುಮಗಳು ಅವನಿಗೆ ಬಿಡಿಸಿ ಹೇಳಿದ್ದಳು. ಬಿಡದೆ ಗೋಧಿ ಹಾಕಿದರೆ ರೋಗ ಮೊದಲು ಏರುತ್ತದೆ. ಆಮೇಲೆ ಗೋಧಿಯ ಬೇರಿಗಂಟಿ ಬದುಕುವ ಒಂದು ಜಾತಿಯ ಬ್ಯಾಕ್ಟೀರಿಯಾ ಹೆಚ್ಚಿಕೊಂಡು ಆ ಬೂಷ್ಟನ್ನು ಅದುಮುತ್ತದೆ. ನಡುವೆ ಬೇರೆ ಬೆಳೆ ಬಂತೋ, ಆ ಬ್ಯಾಕ್ಟೀರಿಯಾ ಕರಗಿಹೋಗುತ್ತದೆ, ಮತ್ತೆ ಮೊದಲಿಂದ ಶುರು. ಎಮಿಲ್ ನಂಬಿದ, ಎಷ್ಟೋ ಸುಗ್ಗಿಗಳನ್ನು ಆ ನಂಬಿಕೆಗೆ ಸುರಿದ. ಕಳೆದ ಬೇಸಿಗೆ ಬಿಳಿ ತೆನೆಗಳು ಹೊಲದ ಒಂದು ಮೂಲೆಗೆ ಸರಿದಿದ್ದವು. “ಈ ಸಲ ನೋಡು, ಅಲ್ವಿನಾ. ಪೂರ್ತಿ ಹಸಿರು!” ಎಂದು ಹೆಂಡತಿಗೆ ಹೇಳಿದ್ದ.

ವಸಂತದ ಬಿತ್ತನೆಗೆ ಮುಂಚೆಯೇ ಕೊಟ್ಟಿಗೆಯ ಮುಂದಿನ ಮಂಜುಗಡ್ಡೆಯ ಮೇಲೆ ಜಾರಿಬಿದ್ದು ಸೊಂಟ ಮುರಿದುಕೊಂಡ. ಅಲ್ವಿನಾಳೂ ಅವನ ಆರೈಕೆಗೆಂದು ದೂರದ ಆಸ್ಪತ್ರೆಯಲ್ಲೇ ಉಳಿದಳು.

ಆ ಊರಿನ ಜರ್ಮನ್ ಮೂಲದ ಮನೆತನಗಳಲ್ಲಿ ಒಬ್ಬ ಕಾಯಿಲೆ ಬಿದ್ದು ಮಲಗಿದರೆ ಉಳಿದವರು ತಂತಮ್ಮ ಟ್ರ್ಯಾಕ್ಟರು, ತಂತಮ್ಮ ಬೀಜ ತಂದು ಅವನ ಬಿತ್ತನೆ ಮುಗಿಸಿಕೊಡುತ್ತಾರೆ. ಕೇಳಿ ಮಾಡುವ ಪದ್ಧತಿಯಿಲ್ಲ. ಕೇಳಿದರೆ ಅವನು ಸಂಕೋಚಕ್ಕೆ ಬೇಡ ಅನ್ನಲೇಬೇಕಾಗುತ್ತದಲ್ಲ!

ಎಮಿಲ್ ಮರಳಿ ಬಂದಾಗ ಹೊಲದಂಚಿನಲ್ಲಿ ಊರೇ ನಿಂತಿತ್ತು. ಕಾಫಿ ಕಾಯುತ್ತಿತ್ತು. ಕೋಸು, ಮಾಂಸ ತುಂಬಿದ ಬಿಸಿ ಬನ್ನುಗಳ ತಟ್ಟೆ ಕೈಯಿಂದ ಕೈಗೆ ಹೋಗುತ್ತಿತ್ತು. ಅವರ ಬೆನ್ನ ಹಿಂದೆ, ಕಾಲುವೆಯವರೆಗೂ ಬಟಾಣಿ ಚಿಗುರು.

“ನಿನ್ ಮೊಂಡುತನಕ್ಕೆ ನಾವೇ ಮದ್ದು ಹಾಕಿದ್ವಿ,” ರೂಬೆನ್ ಕಾರಿನ ಬಾಗಿಲು ತೆರೆದ. “ಬೀಜ ನಂದೇ. ಒಳ್ಳೇದನ್ನೇ ಆರಿಸಿ ತಂದೆ ಕಣೋ.”

ಎಮಿಲ್ ಬಾಯಿ ತೆರೆದ. ಅಲ್ವಿನಾ ಅವನ ತೋಳು ಒತ್ತಿದಳು. ಅವನು ಸಾಲುಗಳನ್ನು ಈ ತುದಿಯಿಂದ ಆ ತುದಿಗೆ ನೋಡಿದ.

“ಸಾಲು ನೇರವಾಗಿ ಬಿಟ್ಟಿದೀಯ,” ಅಂದ.

ರೂಬೆನ್ ಬನ್ನಿನ ತಟ್ಟೆಯನ್ನು ಅವನ ಮುಂದೆ ಹಿಡಿದ. ಯಾರೋ ಚಪ್ಪಾಳೆ ತಟ್ಟಿದರು.

ಬೇಸಿಗೆಯಲ್ಲಿ ವಿಶ್ವವಿದ್ಯಾಲಯದ ಆ ಹೆಣ್ಣುಮಗಳು ಬಂದು ಬಟಾಣಿ ಗಿಡವೊಂದನ್ನು ಕಿತ್ತು ಬೇರು ನೋಡಿದಳು. “ಮತ್ತೆ ಗೋಧಿ ಹಾಕಿ. ಆ ಬ್ಯಾಕ್ಟೀರಿಯಾ ಹೆಚ್ಕೋತವೆ. ಆದ್ರೆ ಮತ್ತಷ್ಟು ವರ್ಷ ಕಾಯ್ಬೇಕು,” ಎಂದಳು.

“ನಾನು ಟ್ರ್ಯಾಕ್ಟರ್ ಹತ್ತೋ ಹಾಗಿಲ್ಲ, ತಾಯಿ. ಇನ್ಮೇಲೆ ಹೊಲ ಅವರ ಕೈಲೇ.”

ಬಟಾಣಿ ಸೊಗಸಾಗಿ ಬಂತು. ಸುಗ್ಗಿಯ ದಿನ ರೂಬೆನ್ ಬೊಗಸೆ ತುಂಬ ಕಾಳು ತಂದು ಎಮಿಲನ ಮಡಿಲಿಗೆ ಸುರಿದ. “ನೋಡಿದ್ಯಾ? ಮುಂದಿನ ವರ್ಷಾನೂ ಇದನ್ನೇ ಹಾಕ್ತೀವಿ. ನೀನು ಸುಮ್ನೆ ಕೂತಿರು.”

ಎಮಿಲ್ ಸುಮ್ಮನೆ ಕೂತಿದ್ದ.