ವಾಮನ ಕಾಕಾ ಅಳೆದ ಬಾಂಬು

ವಾಮನರಾವ್ ಕಾಕಾ ಎದುರಿಗೆ ಬಂದದ್ದಕ್ಕೆಲ್ಲ ಮೊದಲು ಗೇಣು ಹಾಕುತ್ತಿದ್ದರು. ಹೋಟಗಿ ಸ್ಟೇಷನ್ನಿನ ಪಾರ್ಸಲ್ ಕ್ಲಾರ್ಕ್ ನೌಕರಿ ಮುಗಿಸಿ, ಎಪ್ಪತ್ತರ ದಶಕದ ಶುರುವಿಗೆ ಅಕ್ಕಲಕೋಟೆಯ ನಮ್ಮ ಪಕ್ಕದ ಮನೆಗೆ ಬಂದ ದಿನವೇ ನಮ್ಮ ಬಾಗಿಲು, ತುಳಸಿಕಟ್ಟೆ, ಮಲಗಿದ್ದ ನಾಯಿ ಎಲ್ಲವೂ ಅವರ ಅಳತೆಗೆ ಸಿಕ್ಕವು. "ಲೇಬಲ್ ಸುಳ್ಳ ಹೇಳ್ತದ್ರಿ ಬಾಯಾರ, ಅಳತಿ ಹೇಳೂದಿಲ್ಲ" ಎನ್ನುವರು. ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ನಾನು ಅವರಿಗೆ ಯಾವತ್ತೂ 'ಬಾಯಾರು'.

ಎದುರು ಮನೆಯ ಗಂಗಾಬಾಯಿಯ ಗಂಡ ದೊಡ್ಡ ಯುದ್ಧದಲ್ಲಿ ಇಟಲಿಗೆ ಹೋಗಿ ಬಂದು, ಕೆಲವೇ ವರ್ಷಗಳಲ್ಲಿ ಜ್ವರದಿಂದ ತೀರಿಕೊಂಡಿದ್ದ. ಕಾಗದಪತ್ರವೆಲ್ಲ ಗೆದ್ದಲಿಗೆ ಹೋಗಿ ಉಳಿದದ್ದು ಒಂದೇ ಫೋಟೋ. ಅದರಲ್ಲಿ ಅವನು ನಾಲ್ಕು ಗಿಡ್ಡ ರೆಕ್ಕೆಗಳ, ಉದ್ದಕ್ಕೆ ಮಲಗಿಸಿದ ಯಂತ್ರವೊಂದರ ಪಕ್ಕ ಸೆಟೆದು ನಿಂತಿದ್ದ. ಮೈದುನ ಶ್ರೀಪತಿ ಅದನ್ನು ಪಡಸಾಲೆಯ ಗೋಡೆಯ ಹಿರಿಯರ ಸಾಲಿನಿಂದ ಇಳಿಸಿಬಿಟ್ಟಿದ್ದ. "ಎಲ್ಲೀ ಇಟಲಿ? ಅದು ಸೋಲಾಪುರದ ಸ್ಟುಡಿಯೋದಾಗಿನ ಹಲಗಿ ವಿಮಾನ. ಅಣ್ಣಾ ಪುಣೇದಾಗ ಸಿಪಾಯಿಗೋಳಿಗೆ ರೊಟ್ಟಿ ಸುಡ್ತಿದ್ದ" ಎಂದು ಬಂದವರೆದುರು ನಗುತ್ತಿದ್ದ. ಗಂಗಾಬಾಯಿ ಫೋಟೋವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕಾಕಾನ ಬಳಿ ಬಂದಳು.

"ನಮ್ಮವರು ಸುಳ್ಳ ಹೇಳಿಲ್ಲಣ್ಣಾ. ಇದು ಏನದ ಅನ್ನೂದಷ್ಟ ಹೇಳ್ರಿ, ಸಾಕು."

ಕಾಕಾ ಸೋಲಾಪುರದ ರದ್ದಿ ಅಂಗಡಿಯಲ್ಲಿ ಮೂರು ದಿನ ಧೂಳು ಕುಡಿದು ಹಳೆಯ ಇಂಗ್ಲಿಷ್ ಮಾಸಿಕವೊಂದನ್ನು ತಂದರು. ನಾನು ಓದಿ ಹೇಳಿದೆ. ಜರ್ಮನರು ಇಟಲಿಯಲ್ಲಿ ಬಳಸಿದ ಬಾಂಬು, ಎಂಜಿನ್ ಇಲ್ಲ, ತಿರುಗುವ ಪಂಖ ಇಲ್ಲ, ವಿಮಾನದಿಂದ ಕೆಡವಿ, ಮೇಲೆ ಕೂತವನು ರೇಡಿಯೋದಿಂದ ಅದರ ದಾರಿ ತಿದ್ದುತ್ತಿದ್ದ, ಉದ್ದ ಸುಮಾರು ಹನ್ನೊಂದು ಅಡಿ. ರೆಕ್ಕೆ, ಬಾಲದ ಚೌಕಟ್ಟು ಎಲ್ಲ ಹಾಗೇ ಇತ್ತು. ಆದರೆ ಕಾಕಾನಿಗೆ ಅಷ್ಟು ಸಾಕೇ?

"ಉದ್ದನೂ ಹೊಂದಬೇಕ್ರಿ ವೈನಿ. ನಿಮ್ಮವರು ಎಷ್ಟ ಎತ್ತರ ಇದ್ರು?"

"ಅದೆಲ್ಲಿ ಅಳದೀನಣ್ಣಾ? ಸೋಲಾಪುರದ ಚಾದರ ಮುಸುಕ ಹಾಕ್ಕೊಂಡ್ರ ಕಾಲಿನ ಕೆಳಗ ಒಂದ ಗೇಣ ಉಳೀತಿತ್ತು. ಆ ಚಾದರ ಇನ್ನೂ ಅದ."

ತಗೋ! ಚಾದರ ಬಂತು. ಕಾಕಾ ಅಂಗಳದಲ್ಲೇ ಅಂಗಾತ ಮಲಗಿ ಮುಖದ ಮೇಲೆ ಎಳೆದುಕೊಂಡರು. ಅದೇ ಹೊತ್ತಿಗೆ ಬಂದ ಹಾಲಿನ ದತ್ತು ಕ್ಯಾನು ಇಳಿಸಿ, "ಅಯ್ಯಯ್ಯೋ, ಕಾಕಾ ಹೋದ್ರಲ್ಲೋ!" ಎಂದು ಎದೆ ಬಡಿದುಕೊಂಡ. ಓಣಿಯೆಲ್ಲ ಸೇರಿತು. ಚಾದರದೊಳಗಿಂದ ದನಿ ಬಂತು:

"ಒದರಬ್ಯಾಡೋ, ಹಾಲ ಇಟ್ಟು ನಡಿ. ವೈನಿ, ಎಷ್ಟ ಉಳೀತ್ರಿ?"

"ಎರಡ ಗೇಣ, ಅಣ್ಣಾ!"

ಅಂದರೆ ಆತ ಐದಡಿ ಎರಡಿಂಚಿನ ಕಾಕಾನಿಗಿಂತ ಒಂದು ಗೇಣು, ಒಂಬತ್ತು ಇಂಚು, ಎತ್ತರ. ಫೋಟೋದ ಯಂತ್ರ ಅವನ ಎತ್ತರದ ಎರಡರಷ್ಟಕ್ಕೆ ಒಂದಡಿ ಕಡಿಮೆ. ಲೆಕ್ಕ ಹನ್ನೊಂದಡಿಗೆ ಎರಡೇ ಇಂಚು ಕಮ್ಮಿ ಬಂತು. ಓಣಿಯವರೆದುರೇ ಶ್ರೀಪತಿ ಫೋಟೋವನ್ನು ಮತ್ತೆ ಗೋಡೆಗೆ ಏರಿಸಬೇಕಾಯಿತು. ಗಂಗಾಬಾಯಿ ಅಂದು ಪೇಢೆ ಹಂಚಿದಳು. ಬಾಂಬಿಗೆ ಪೇಢೆ ತಿಂದವರು ನಾವೇ ಇರಬೇಕು! ಶ್ರೀಪತಿ ಮಾತ್ರ ಆಮೇಲೆ ಪಡಸಾಲೆಯಲ್ಲಿ ರೇಡಿಯೋ ಹಚ್ಚಲೇ ಇಲ್ಲ. "ಎಲ್ಲೆರ ಆ ಬಾಂಬ ಹೊಳ್ಳಿ ಹಾರಿತಂದ್ರ?" ಎಂದು ವಾರ್ತೆ ಕೇಳಲು ನಮ್ಮ ಮನೆಗೆ ಬರುತ್ತಿದ್ದ.

ಎರಡು ವರ್ಷಗಳ ನಂತರ ಕಾಕಾ ನಿಜಕ್ಕೂ ಹೋದರು. ದತ್ತು ಈ ಸಲ ನಂಬಲೇ ಇಲ್ಲ. ಕ್ಯಾನು ಹಿಡಿದು ಬಾಗಿಲಲ್ಲೇ ನಿಂತಿದ್ದ. ಅದೇ ಅಂಗಳ. ಗಂಗಾಬಾಯಿ ಅದೇ ಚಾದರ ತಂದು ಹೊದಿಸಿದಳು. ಒಳಗಿಂದ ಆ ದನಿ ಬಂದೀತೆಂದು ನಾವೆಲ್ಲ ಉಸಿರು ಹಿಡಿದಿದ್ದೆವು, ನಾಚಿಕೆಯಿಲ್ಲದೆ ಹೇಳುತ್ತೇನೆ. ಬರಲಿಲ್ಲ.

ಗಂಗಾಬಾಯಿ ಅವರ ಕಾಲ ಬಳಿ ಕೂತು ಉಳಿದ ಚಾದರಕ್ಕೆ ಗೇಣು ಹಾಕಿದಳು.

"ಎರಡ ಗೇಣ, ಅಣ್ಣಾ" ಎಂದಳು.